ಹಲ್ಲಿನ ಡಾಕ್ಟರ ಪಕ್ಕದಲ್ಲಿ ನಿಲ್ಲುವ ಕೆಲಸ

(ಸಂಘದ ಬೆಳ್ಳಿಹಬ್ಬದ ಯುವಜನ ಗೋಷ್ಠಿಯಲ್ಲಿ ಓದಿದ ಭಾಷಣ)



ಒಂದು ಹಾಲಿನ ಸಂಘವನ್ನು ಇಪ್ಪತ್ತೈದು ವರ್ಷ ಬಾಗಿಲು ಮುಚ್ಚದೆ ನಡೆಸಿಕೊಂಡು ಬರುವುದು ಸಣ್ಣ ಮಾತಲ್ಲ. ಅಂಥ ಸಮಾರಂಭದಲ್ಲಿ ನಮ್ಮನ್ನು ಕರೆದು ಮಾತಾಡಿ ಅಂದದ್ದಕ್ಕೆ ಮೊದಲು ವಂದನೆಗಳು. ನಾವು ನಂಜನಗೂಡು, ಟಿ. ನರಸೀಪುರ ಕಡೆಯ ಹಲ್ಲಿನ ಆಸ್ಪತ್ರೆಗಳಲ್ಲಿ ಸಹಾಯಕಿಯರಾಗಿ ಕೆಲಸ ಮಾಡುವ ಕೆಲವು ಹೆಣ್ಣುಮಕ್ಕಳು. ಓದುತ್ತಿರುವವರು ಒಬ್ಬರು, ಮಾತು ಎಲ್ಲರದೂ. ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಮುಗಿಸಿ ಮುಂದೇನು ಅಂತ ಮನೆಯಲ್ಲಿ ಕೂತಿರುವ ಮಕ್ಕಳಿಗೆ ಈ ಕೆಲಸದ ವಿಚಾರ ತಿಳಿಸಿ ಅಂತ ಸಮಿತಿಯವರು ಹೇಳಿದ್ದಾರೆ.

ಹಲ್ಲಿಗೂ ನಮ್ಮೂರಿಗೂ ಹಳೆಯ ನಂಟು. 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಕಟ್ಟಿದರು. ಅಲ್ಲಿಂದ ಬಂದ ಹಲ್ಲುಪುಡಿ ರಾಜ್ಯಕ್ಕೆಲ್ಲ ನಮ್ಮೂರ ಹೆಸರು ಹೇಳಿತು. ಆದರೆ ಹೆಸರು ಒಂದು ಕಡೆ, ನಮ್ಮ ಬಾಯಿಯ ಸ್ಥಿತಿ ಇನ್ನೊಂದು ಕಡೆ. ಹಲ್ಲು ನೋವು ಬಂದರೆ ಲವಂಗ ಇಡ್ತೀವಿ, ಹೊಗೆಸೊಪ್ಪು ಒತ್ತಿಕೊಳ್ತೀವಿ, ಕೆನ್ನೆ ಊದಿ ಕಣ್ಣು ಮುಚ್ಚಿದ ಮೇಲೆ ಡಾಕ್ಟರ ಹತ್ತಿರ ಓಡ್ತೀವಿ. ಹಾಗೆ ಓಡಿ ಬಂದವರ ಎದುರಿಗೆ ಮೊದಲು ನಿಲ್ಲುವವರು ನಾವು.

ಏನು ಕೆಲಸ ಅಂತ ಕೇಳ್ತೀರಿ. ಚೀಟಿ ಬರೆದು ಒಳಗೆ ಕಳಿಸೋದು ಅಂತ ಬಹಳ ಮಂದಿ ತಿಳಿದಿದ್ದಾರೆ. ಅದೂ ಉಂಟು. ಆದರೆ ಹಲ್ಲಿನ ಕೆಲಸ ನಾಲ್ಕು ಕೈಯ ಕೆಲಸ. ಎರಡು ಕೈ ಡಾಕ್ಟರದು, ಎರಡು ನಮ್ಮದು. ಅವರು ಹಲ್ಲು ಕೊರೆಯುವಾಗ ನಾವು ಸಣ್ಣ ಕೊಳವೆ ಹಿಡಿದು ಬಾಯಲ್ಲಿ ತುಂಬುವ ನೀರು, ಎಂಜಲು ಎಳೆಯುತ್ತಿರಬೇಕು, ನಾಲಿಗೆ ಅಡ್ಡ ಬಾರದಂತೆ ನೋಡಬೇಕು. ಅವರು ಕೈ ಚಾಚುವ ಹೊತ್ತಿಗೆ ಬೇಕಾದ ಆಯುಧ ಕೈಗೆ ಬರಬೇಕು, ಕೇಳಿದ ಮೇಲೆ ಹುಡುಕಿದರೆ ಆಗದು. ಸಿಮೆಂಟು ಕಲಸುವುದೂ ನಾವೇ. ಕಟ್ಟು ಹಲ್ಲಿಗೆ ಅಚ್ಚು ತೆಗೆಯುವ ಪುಡಿ ಇದೆಯಲ್ಲ, ನೀರು ಬೆಚ್ಚಗಿದ್ದರೆ ಬೇಗ ಗಟ್ಟಿಯಾಗಿಬಿಡುತ್ತೆ. ಏಪ್ರಿಲ್ ಬಿಸಿಲಿನಲ್ಲಿ ತೊಟ್ಟಿ ನೀರು ಹಾಕಿ ಕಲಸಿದರೆ ಬಾಯಿಗೆ ಇಡುವ ಮೊದಲೇ ಬಟ್ಟಲಲ್ಲಿ ಕಲ್ಲು! ಅದಕ್ಕೇ ಬೇಸಿಗೆಯಲ್ಲಿ ನಾವು ಮಡಕೆಯ ತಣ್ಣೀರು ಇಟ್ಟುಕೊಳ್ತೀವಿ. ಇದನ್ನು ಯಾವ ಪುಸ್ತಕವೂ ನಮಗೆ ಕಲಿಸಲಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಕೆಲಸ ರೋಗಿ ಎದ್ದು ಹೋದ ಮೇಲೆ ಶುರು. ಕ್ಯಾನು ಸರಿಯಾಗಿ ತೊಳೆಯದಿದ್ದರೆ ಒಬ್ಬರ ಹಾಲಿನಿಂದ ಎಲ್ಲರ ಹಾಲೂ ಒಡೆಯುತ್ತೆ ಅಂತ ನಿಮಗೆ ಬೇರೆಯವರು ಹೇಳಬೇಕಾಗಿಲ್ಲ. ಹಲ್ಲಿನ ಆಯುಧವೂ ಹಾಗೇ. ಒಬ್ಬರ ರಕ್ತ ಮುಟ್ಟಿದ ಆಯುಧ ನಾಳೆ ಇನ್ನೊಬ್ಬರ ಬಾಯಿಗೆ ಹೋಗುತ್ತೆ. ಬರೀ ಕುದಿಸಿದರೆ ಸಾಲದು, ಕುದಿಯುವ ನೀರಿಗೂ ಸಾಯದ ಗಟ್ಟಿ ಸೂಕ್ಷ್ಮಾಣುಗಳಿವೆ. ಮೊದಲು ಉಜ್ಜಿ ತೊಳೆದು, ಒಣಗಿಸಿ, ಚೀಲಕ್ಕೆ ಹಾಕಿ ಆಟೋಕ್ಲೇವಿನಲ್ಲಿ ಇಡಬೇಕು. ಅದು ದೊಡ್ಡ ಕುಕ್ಕರು ಅನ್ನಿ. 15 ಪೌಂಡು ಒತ್ತಡ, 121 ಡಿಗ್ರಿ ಉಷ್ಣ, ಅಷ್ಟು ಉಷ್ಣ ಮುಟ್ಟಿದ ಮೇಲೆ 15 ನಿಮಿಷಕ್ಕೆ ಕಡಿಮೆಯಿಲ್ಲದೆ ಇರಬೇಕು. ರೋಗಿಗಳು ಸಾಲಾಗಿ ಕೂತಿರುವಾಗ, ‘ಬೇಗ ಕಳಿಸಮ್ಮ, ಬಸ್ಸು ಹೋಗುತ್ತೆ’ ಅಂತ ಹೊರಗಿನಿಂದ ಕೂಗುವಾಗ, ಆ 15 ನಿಮಿಷವನ್ನು 10 ಮಾಡಬೇಕು ಅನ್ನಿಸುತ್ತೆ. ಮಾಡದೇ ಇರುವವಳೇ ಒಳ್ಳೆಯ ಸಹಾಯಕಿ. ನೀವು ಹಲ್ಲು ತೋರಿಸಲು ಹೋದಾಗ ಆಯುಧದ ಚೀಲ ನಿಮ್ಮೆದುರು ಬಿಚ್ಚಿದರೇ ಅಂತ ನೋಡಿ, ಕೇಳಿ. ಕೇಳಿದರೆ ನಮಗೆ ಬೇಜಾರಿಲ್ಲ.

ಬಳಸಿದ ಸೂಜಿ ತೂತಾಗದ ಬಿಳಿ ಡಬ್ಬಿಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ಕೊಳವೆ ಕೆಂಪು ಚೀಲಕ್ಕೆ, ಗಾಜು ನೀಲಿ ಡಬ್ಬಿಗೆ. 2016ರ ನಿಯಮ ಇದು. ಊರಿನ ತಿಪ್ಪೆಗೆ ಯಾವುದೂ ಬರಬಾರದು.

ಸೂಜಿ ಅಂದಾಗ ಒಂದು ವಿಚಾರ ಹೇಳಲೇಬೇಕು. ನಮ್ಮಲ್ಲೊಬ್ಬರಿಗೆ ಕೆಲಸಕ್ಕೆ ಸೇರಿದ ಮೂರನೇ ತಿಂಗಳಲ್ಲಿ, ರೋಗಿಗೆ ಚುಚ್ಚಿದ ಸೂಜಿ ಬೆರಳಿಗೆ ಇಳಿಯಿತು. ಸೇರುವಾಗ ಲಸಿಕೆಯ ಮಾತನ್ನು ಯಾರೂ ಎತ್ತಿರಲಿಲ್ಲ. ಆಮೇಲೆ ಆರು ತಿಂಗಳು ರಕ್ತ ಪರೀಕ್ಷೆ ಮಾಡಿಸುತ್ತಾ, ಮನೆಯಲ್ಲಿ ಬಾಯಿಬಿಡದೆ, ಮದುವೆಯ ಮಾತುಕತೆ ಮುಂದಕ್ಕೆ ಹಾಕಿಸಿ ಆಕೆ ಪಟ್ಟ ಪಾಡು ನಾವೇ ಕಂಡೆವು. ದೇವರು ದೊಡ್ಡವನು, ಏನೂ ಆಗಲಿಲ್ಲ. ಕಾಮಾಲೆಯ ಒಂದು ಬಗೆ ಹೆಪಟೈಟಿಸ್ ಬಿ. ಅದಕ್ಕೆ ಮೂರು ಸಲ ಲಸಿಕೆ: ಇವತ್ತು ಒಂದು, ತಿಂಗಳಿಗೆ ಒಂದು, ಆರನೇ ತಿಂಗಳಿಗೆ ಒಂದು. ಈಗಿನ ಕೂಸುಗಳಿಗೆ ಸರಕಾರವೇ ಹಾಕುತ್ತದೆ, ಆದರೆ ದೊಡ್ಡವರಾದ ಹೆಣ್ಣುಮಕ್ಕಳಲ್ಲಿ ಬಹಳ ಮಂದಿಗೆ ಬಿದ್ದಿಲ್ಲ. ಸಂಬಳದ ಮಾತಿಗಿಂತ ಮುಂಚೆ ಈ ಮಾತು ಆಡಿ.

ಈ ಕೆಲಸ ಹುಟ್ಟಿದ ಕಥೆ ಸೊಗಸಾಗಿದೆ. ಅಮೆರಿಕದ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ ಎಡ್ಮಂಡ್ ಕೆಲ್ಸ್ ಅನ್ನುವ ದಂತವೈದ್ಯರು 1885ರಲ್ಲಿ ಮಾಲ್ವಿನಾ ಕ್ಯೂರಿಯಾ ಅನ್ನುವ ಹೆಣ್ಣುಮಗಳನ್ನು ಸಹಾಯಕ್ಕೆ ಇಟ್ಟುಕೊಂಡರಂತೆ. ಆ ಕಾಲಕ್ಕೆ ಅಲ್ಲಿಯೂ ಹೆಂಗಸರು ಒಂಟಿಯಾಗಿ ಡಾಕ್ಟರ ಬಳಿ ಹೋಗುತ್ತಿರಲಿಲ್ಲ. ಒಳಗೊಬ್ಬಳು ಹೆಣ್ಣುಮಗಳು ಇದ್ದಾಳೆ ಅಂದ ಮೇಲೆ ಧೈರ್ಯವಾಗಿ ಬಂದರು. ನಮ್ಮ ಕಡೆ ಇವತ್ತಿಗೂ ಅದೇ ನೋಡಿ. ‘ನೀನಿದ್ದೀಯ ಅಂತ ಬಂದೆ ಕಣವ್ವ’ ಅಂತ ಹಳ್ಳಿಯ ಅಜ್ಜಿಯರು ನಮ್ಮ ಕೈ ಹಿಡ್ಕೊತಾರೆ.

ಈಗ ಸೇರುವ ದಾರಿ. ಇಲ್ಲಿ ಮೂರು ಕೆಲಸಗಳನ್ನು ಒಂದೇ ಅಂತ ತಿಳಿದು ಮೋಸ ಹೋಗುವವರುಂಟು. ಸಹಾಯಕಿ ಬೇರೆ, ಹಲ್ಲು ಶುಚಿ ಮಾಡುವ ಹೈಜಿನಿಸ್ಟ್ ಬೇರೆ, ಕಟ್ಟು ಹಲ್ಲು ತಯಾರಿಸುವ ಮೆಕ್ಯಾನಿಕ್ ಬೇರೆ. 1948ರ ದಂತವೈದ್ಯರ ಕಾಯಿದೆ ಡಾಕ್ಟರರ ಜೊತೆಗೆ ಹೈಜಿನಿಸ್ಟ್ ಮತ್ತು ಮೆಕ್ಯಾನಿಕ್‌ಗಳಿಗೂ ನೋಂದಣಿ ತಂದಿತು. ಆ ಎರಡಕ್ಕೂ ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ, ಎರಡು ವರ್ಷದ ಕೋರ್ಸು ಮಾಡಬೇಕು. ಸಹಾಯಕಿಗೆ ಆ ಕಾಯಿದೆ ಬೇರೆ ಪಟ್ಟಿ ಇಡಲಿಲ್ಲ. ಅದಕ್ಕೇ ನಮ್ಮಲ್ಲಿ ಹೆಚ್ಚಿನವರು ಎಸ್.ಎಸ್.ಎಲ್.ಸಿ. ಇಲ್ಲವೇ ಪಿ.ಯು.ಸಿ. ಮುಗಿಸಿ, ಡಾಕ್ಟರ ಪಕ್ಕದಲ್ಲೇ ನಿಂತು ಕಲಿತವರು. 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗದ ಹೊಸ ಕಾಯಿದೆಯನ್ನು ಒಪ್ಪಿದೆ. ಆದ್ದರಿಂದ ಹಳೆಯವರು ಹೇಳಿದ್ದೇ ನಿಯಮ ಅಂದುಕೊಳ್ಳದೆ, ಸೇರುವ ವರ್ಷದ ನಿಯಮವನ್ನು ಕಾಲೇಜಿನಲ್ಲೇ ಕೇಳಿ.

ಯಾವ ಕಾಲೇಜು? ದೂರ ಹೋಗಬೇಕಾಗಿಲ್ಲ. ಮೈಸೂರಿನ ಜೆ.ಎಸ್.ಎಸ್. ದಂತ ಕಾಲೇಜು 1986ರಲ್ಲಿ ಶುರುವಾಯಿತು, ಆ ಸಂಸ್ಥೆಯ ಮೂಲ ನಮ್ಮ ತಾಲ್ಲೂಕಿನ ಸುತ್ತೂರು. ತಿಲಕನಗರದ ಕಡೆ ಫಾರೂಕಿಯಾ ದಂತ ಕಾಲೇಜಿದೆ. ಒಂದು ದಿನ ಹಲ್ಲು ತೋರಿಸುವ ನೆಪದಲ್ಲೇ ಹೋಗಿ, ಕಚೇರಿಯಲ್ಲಿ ವಿಚಾರಿಸಿ, ಅಲ್ಲಿ ಕೆಲಸ ಮಾಡುವವರನ್ನು ಮಾತಾಡಿಸಿ ಬನ್ನಿ. ‘ಆರೇ ತಿಂಗಳು, ಸರ್ಟಿಫಿಕೇಟು ಗ್ಯಾರಂಟಿ, ಕೆಲಸ ಗ್ಯಾರಂಟಿ’ ಅಂತ ಕರಪತ್ರ ಹಂಚುವವರ ಬಳಿ ಹಸು ಮಾರಿ ದುಡ್ಡು ಕಟ್ಟಬೇಡಿ. ಈ ಸರ್ಟಿಫಿಕೇಟನ್ನು ಯಾರು ಒಪ್ಪುತ್ತಾರೆ, ಬರೆದು ಕೊಡ್ತೀರಾ, ಯಾವ ಆಸ್ಪತ್ರೆಯಲ್ಲಿ ಕೈಯಾರೆ ಕಲಿಸ್ತೀರಿ, ಇಷ್ಟನ್ನು ಕೇಳಿ. ಉತ್ತರಕ್ಕೆ ತಡವರಿಸಿದರೆ ಎದ್ದು ಬನ್ನಿ.

ಸಂಬಳ? ಮುಚ್ಚುಮರೆ ಏಕೆ, ಮೊದಲ ವರ್ಷ ಕಡಿಮೆಯೇ. ಗಾರ್ಮೆಂಟ್ಸಿಗೆ ಹೋಗುವ ಗೆಳತಿ ನಿಮಗಿಂತ ಹೆಚ್ಚು ತರಬಹುದು. ಕೈ ಪಳಗಿದ ಮೇಲೆ ಏರುತ್ತೆ, ಪಟ್ಟಣದ ದೊಡ್ಡ ಆಸ್ಪತ್ರೆಗಳಲ್ಲಿ ಪಳಗಿದ ಕೈಗೆ ಬೆಲೆಯಿದೆ. ನಿಜವಾದ ತೊಡಕು ಹೊತ್ತಿನದು. ಹಲ್ಲಿನ ಡಾಕ್ಟರಿಗೆ ರೋಗಿ ಬರುವುದೇ ಸಂಜೆ, ಕೆಲಸ ಮುಗಿಯುವುದು ರಾತ್ರಿ ಎಂಟೂವರೆ, ಒಂಬತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಚಾರ್ಜು ಉಳಿದಿದೆ ನಿಜ, ಆದರೆ ಒಳಹಳ್ಳಿಗೆ ಆ ಹೊತ್ತಿನಲ್ಲಿ ಬಸ್ಸೇ ಇಲ್ಲದಿದ್ದರೆ ಬಿಟ್ಟಿ ಚೀಟಿ ಏನು ಮಾಡೀತು? ಎಷ್ಟೋ ಚುರುಕು ಹುಡುಗಿಯರು ಕೆಲಸ ಬಿಟ್ಟದ್ದು ಸಂಬಳಕ್ಕಲ್ಲ, ಕೊನೇ ಬಸ್ಸಿಗೆ. ಬೆಳಗಿನ ಪಾಳಿ ಕೊಡಿ ಅಂತ ಮೊದಲ ದಿನವೇ ಕೇಳಿ, ಕೊಡುವ ಡಾಕ್ಟರಿದ್ದಾರೆ.

ಎಕ್ಸ್‌ರೇ ತೆಗೆಯುವಾಗ ಫಿಲಮನ್ನು ನಾವು ಕೈಯಲ್ಲಿ ಹಿಡಿಯಬಾರದು, ದೂರ ನಿಲ್ಲಬೇಕು. ಬಸುರಿಯಾದವಳು ಅದನ್ನು ಡಾಕ್ಟರಿಗೆ ಕೂಡಲೇ ಹೇಳಬೇಕು, ನಾಚಿಕೆ ಪಡಬಾರದು.

ಇನ್ನೊಂದನ್ನು ಸ್ವಲ್ಪ ಗಟ್ಟಿಯಾಗಿ ಹೇಳ್ತೀವಿ. ನಾಲ್ಕೈದು ವರ್ಷ ಡಾಕ್ಟರ ಪಕ್ಕ ನಿಂತ ಕೆಲವರು ಊರಿಗೆ ಬಂದು ಒಂದು ಕುರ್ಚಿ, ಒಂದು ಇಕ್ಕಳ ಇಟ್ಟುಕೊಂಡು ಹಲ್ಲು ಕೀಳ್ತಾರೆ. ನೂರು ರೂಪಾಯಿಗೆ ಕಿತ್ತುಕೊಟ್ಟ ಅಂತ ಜನ ಹೊಗಳ್ತಾರೆ. ಸಕ್ಕರೆ ಕಾಯಿಲೆಯವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ಆ ಕುರ್ಚಿಯಲ್ಲಿ ಕೂತರೆ ರಕ್ತ ನಿಲ್ಲದೆ, ಕೀವು ಏರಿ ಜೀವಕ್ಕೇ ಬರುತ್ತೆ. ನಾವು ಸೂಜಿ ಕೊಡುವುದಿಲ್ಲ, ಹಲ್ಲು ಕೀಳುವುದಿಲ್ಲ, ಮಾತ್ರೆ ಬರೆಯುವುದಿಲ್ಲ. ನೆಂಟರು ಬಂದು ‘ನಿನಗೆ ಗೊತ್ತಲ್ಲ, ನೀನೇ ಕಿತ್ತುಬಿಡು’ ಅಂದಾಗಲೂ ಇಲ್ಲ ಅಂತೀವಿ. ಬೈಸಿಕೊಂಡಿದ್ದೀವಿ ಕೂಡ.

ಕೊನೆಗೆ ಸಂಘಕ್ಕೆ ಒಂದು ಬಿನ್ನಹ. ಲಾಭಾಂಶದ ಹಣದಲ್ಲಿ ಪ್ರತಿಭಾವಂತ ಮಕ್ಕಳಿಗೆ ಬಹುಮಾನ ಕೊಡ್ತೀರಿ, ಬಹಳ ಸಂತೋಷ. ಈ ಕೆಲಸಕ್ಕೆ, ನರ್ಸಿಂಗ್ ಕೆಲಸಕ್ಕೆ, ಲ್ಯಾಬಿನ ಕೆಲಸಕ್ಕೆ ಸೇರುವ ಸದಸ್ಯರ ಹೆಣ್ಣುಮಕ್ಕಳಿಗೆ ಆ ಮೂರು ಲಸಿಕೆಯ ಖರ್ಚನ್ನೂ ಅದೇ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಮುಂದಿನ ಮಹಾಸಭೆಯ ವಿಷಯಪಟ್ಟಿಗೆ ಹಾಕುತ್ತೇವೆಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಕೆಲಸಕ್ಕೆ ಸೇರಲು ಮನಸ್ಸಿರುವವರು ಊಟವಾದ ಮೇಲೆ ಶಾಲೆಯ ಜಗಲಿಗೆ ಬನ್ನಿ, ತಾಯಂದಿರೂ ಬನ್ನಿ. ಆಟೋಕ್ಲೇವಿನ ಒಂದು ಚೀಲ, ಆಯುಧಗಳ ಒಂದು ತಟ್ಟೆ ತಂದಿದ್ದೀವಿ, ಕೈಯಲ್ಲಿ ಹಿಡಿದು ನೋಡಬಹುದು.