ಇಳಿವಯಸ್ಸಿಗೆ ಯಾವ ಊರು?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಹಿರಿಯ ಸದಸ್ಯರ ಸಭೆಯಲ್ಲಿ, ಸದಸ್ಯೆಯೂ ನಿವೃತ್ತ ಶಿಕ್ಷಕಿಯೂ ಆದವರೊಬ್ಬರು ಮಾಡಿದ ಭಾಷಣದ ಬರಹರೂಪ)



ನಮ್ಮ ಹಾಲು ಉತ್ಪಾದಕರ ಸಂಘಕ್ಕೆ 25 ವರ್ಷ ತುಂಬಿದ ಸಂತೋಷದಲ್ಲಿ ನಾನೂ ನಾಲ್ಕು ಮಾತಾಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ, ‘ನನ್ನದು ಒಂದೇ ಹಸು, ಹೈನುಗಾರಿಕೆ ಬಗ್ಗೆ ನಾನೇನು ಹೇಳಲಿ?’ ಎಂದೆ. ಅವರು ಬಿಡಲಿಲ್ಲ. ‘ಟೀಚರಮ್ಮ, ಬೆಂಗಳೂರಿಗೆ ಹೋದೋರು ಯಾಕೆ ವಾಪಸ್ ಬಂದ್ರಿ ಅಂತ ಊರೆಲ್ಲ ಕೇಳ್ತದೆ. ಅದನ್ನೇ ಹೇಳಿ ಸಾಕು’ ಎಂದರು. ಹಾಗಾಗಿ ಇವತ್ತು ಅದನ್ನೇ ಹೇಳುತ್ತೇನೆ. ವಯಸ್ಸಾದ ಮೇಲೆ ಎಲ್ಲಿರಬೇಕು? ಮಕ್ಕಳ ಹತ್ತಿರವೋ, ಪೇಟೆಯಲ್ಲೋ, ಹುಟ್ಟಿದೂರಿನಲ್ಲೋ?

ಮೊದಲೇ ಒಂದು ಮಾತು. ನನಗೆ ಪಿಂಚಣಿ ಇದೆ. ಇಲ್ಲಿ ಕೂತ ಬಹಳ ಜನಕ್ಕೆ ಅದಿಲ್ಲ. ಕೃಷಿಕನಿಗೆ ನಿವೃತ್ತಿ ಅನ್ನುವುದೇ ಇಲ್ಲ, ಕೈಲಾಗದ ದಿನವೇ ಅವನ ನಿವೃತ್ತಿ. ಆದರೆ ಆ ದಿನ ಎಲ್ಲರಿಗೂ ಬರುತ್ತದೆ. ಆದ್ದರಿಂದ ಈ ಪ್ರಶ್ನೆ ನೌಕರಿಯವರದ್ದು ಮಾತ್ರ ಅಲ್ಲ.

ನಾನು ಹುಟ್ಟಿದ ಊರು ಈಗ ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿದಾಗ ನನಗೆ ಹನ್ನೊಂದು ವರ್ಷ. ನಮ್ಮವರಿಗೆ ಊರನ್ನು ಆರಿಸಿಕೊಳ್ಳುವ ಭಾಗ್ಯ ಇರಲಿಲ್ಲ. ನಾಡಿಗೆ ಬೆಳಕು ಬೇಕಿತ್ತು, ನಮಗೆ ಎದ್ದು ಹೊರಡಿ ಎಂದರು. ಹೆಂಚು, ಬಾಗಿಲು, ತೊಲೆ ಎಲ್ಲ ಕಳಚಿ ಲಾರಿಗೆ ಹಾಕಿ ಆನಂದಪುರದ ಕಡೆ ಹೋದೆವು. ಅಜ್ಜ ಕಡೆಯವರೆಗೂ ತುಳಸಿಕಟ್ಟೆಯ ಹತ್ತಿರವೇ ಕೂತಿದ್ದ. ಅಪ್ಪ ಕೈ ಹಿಡಿದು ಎಬ್ಬಿಸಿ ಲಾರಿ ಹತ್ತಿಸಿದರು.

ಹೊಸ ಜಾಗದಲ್ಲಿ ಅಜ್ಜ ಎರಡು ಮಳೆಗಾಲ ಕಂಡ, ಅಷ್ಟೆ. ಹೇಳಿಕೊಳ್ಳುವಂಥ ರೋಗ ಏನೂ ಇರಲಿಲ್ಲ. ಬೆಳಿಗ್ಗೆ ಎದ್ದರೆ ಜಗಲಿಯಲ್ಲಿ ಪಡುವಣಕ್ಕೆ ಮುಖ ಮಾಡಿ ಕೂರುತ್ತಿದ್ದ. ಅದೇ ಮನೆಯಲ್ಲಿ, ಅದೇ ಜಗಲಿಯಲ್ಲಿ ನನ್ನಮ್ಮ 84 ವರ್ಷ ತುಂಬುವ ತನಕ ಬದುಕಿದಳು. ಅಮ್ಮ ಮೊದಲ ವಾರವೇ ಪಕ್ಕದ ಮನೆಗೆ ಹೋಗಿ ಹೆಪ್ಪಿಗೆ ಮಜ್ಜಿಗೆ ಕೇಳಿ ತಂದಿದ್ದಳು. ಮಜ್ಜಿಗೆ ತಂದವಳು ಮರುದಿನ ಬಸಳೆ ಕುಡಿ ಕೊಟ್ಟು ಬಂದಳು. ವರ್ಷದೊಳಗೆ ಆ ಕೇರಿಯ ಬಾಣಂತನಕ್ಕೆಲ್ಲ ಅಮ್ಮನನ್ನೇ ಕರೆಯುತ್ತಿದ್ದರು. ‘ಮನೆ ಹೋದ್ರೆ ಇನ್ನೊಂದು ಕಟ್ಬಹುದು ಮಗಾ, ಕರೆದ್ರೆ ಓ ಅನ್ನೋರು ಬೇಕು’ ಅನ್ನುವುದು ಅವಳ ಮಾತು. ಇದು ನನಗೆ ಅರ್ಥವಾದದ್ದು ನನ್ನದೇ ಕೂದಲು ನೆರೆತ ಮೇಲೆ.

ಮದುವೆಯಾಗಿ ಹಿನ್ನೀರಿನ ಈಚೆಗಿನ ಈ ಊರಿಗೇ ಬಂದೆ. ನೌಕರಿ ಮಾತ್ರ ಊರೂರು ಸುತ್ತಿಸಿತು. 2013ರಲ್ಲಿ ನಿವೃತ್ತಿಯಾಗಿ ನಾನೂ ಯಜಮಾನರೂ ಇಲ್ಲಿಗೆ ಬಂದು ನೆಲೆಸಿದೆವು. 2017ರಲ್ಲಿ ಅವರು ಹೋದರು. ಮಗ ‘ಅಮ್ಮಾ, ಒಬ್ಬಳೇ ಅಲ್ಲಿರಬೇಡ’ ಎಂದ. ತಪ್ಪೇನಿಲ್ಲ, ಮಗ ಹೇಳಬೇಕಾದದ್ದನ್ನೇ ಹೇಳಿದ. 2018ರಲ್ಲಿ ಹಸು ಮಾರಿ, ಬಾಗಿಲಿಗೆ ಬೀಗ ಹಾಕಿ ಬೆಂಗಳೂರಿಗೆ ಹೋದೆ.

ಏಳನೇ ಮಹಡಿಯ ಮನೆ. ಲಿಫ್ಟು ಇತ್ತು, ದೊಡ್ಡ ಆಸ್ಪತ್ರೆ ಕೂಗಳತೆಯಲ್ಲಿತ್ತು, ಕರೆಂಟು ಹೋದರೆ ಅರೆಗಳಿಗೆಯಲ್ಲಿ ಜನರೇಟರ್ ಬರುತ್ತಿತ್ತು. ಮಗ ಸೊಸೆ ಚೆನ್ನಾಗಿಯೇ ನೋಡಿಕೊಂಡರು. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಹೊರಟುಬಿಟ್ಟರೆ ಸಂಜೆಯವರೆಗೆ ನನ್ನ ಹೆಸರು ಹಿಡಿದು ಕರೆಯುವವರಿಲ್ಲ. ಹಾಲಿನ ಹುಡುಗ ಬಾಗಿಲ ಹಿಡಿಗೆ ತೂಗುಹಾಕಿದ ಚೀಲದಲ್ಲಿ ನಂದಿನಿ ಪ್ಯಾಕೆಟ್ ಹಾಕಿ ಹೋಗುತ್ತಿದ್ದ. ಒಂದು ದಿನ ಅವನ ಮುಖವನ್ನಾದರೂ ನೋಡೋಣವೆಂದು ಐದು ಗಂಟೆಗೇ ಬಾಗಿಲು ತೆಗೆದು ಕುರ್ಚಿ ಹಾಕಿಕೊಂಡು ಕೂತೆ. ಅವನು ಬಂದ, ಬೆದರಿದ, ‘ಏನಾದ್ರೂ ಕಂಪ್ಲೇಂಟಾ ಅಜ್ಜಿ?’ ಎಂದ. ‘ಏನಿಲ್ಲ ಕಣಪ್ಪ’ ಎಂದು ಒಳಗೆ ಬಂದೆ. ಇದನ್ನು ನೋಡಿದ ಸೊಸೆಯೇ ಆ ರಾತ್ರಿ ಮಗನಿಗೆ ‘ಅತ್ತೆಗೆ ಇಲ್ಲಿ ಆಗ್ತಾ ಇಲ್ಲ’ ಎಂದಳು. ಹದಿನಾಲ್ಕು ತಿಂಗಳಿಗೆ ವಾಪಸು ಬಂದೆ.

ಕತೆ ಇಲ್ಲಿಗೇ ಮುಗಿದಿದ್ದರೆ ಹಳ್ಳಿಯೇ ಸ್ವರ್ಗ ಎಂದು ಹೇಳಿ ಕೂರುತ್ತಿದ್ದೆ. ಮುಗಿಯಲಿಲ್ಲ. ಊರಿಗೆ ಬಂದ ಕೂಡಲೇ ಎಲ್ಲ ಸರಿಯಾಯಿತು ಎಂದುಕೊಂಡಿದ್ದು ನನ್ನ ತಪ್ಪು. 72 ವರ್ಷದವಳು ಇರುವ ಮನೆಯೆಂದರೆ 40 ವರ್ಷದವಳು ಬಿಟ್ಟುಹೋದ ಮನೆ ಅಲ್ಲ. ನಮ್ಮ ಬಚ್ಚಲು ಹಿತ್ತಿಲ ಕಡೆ, ಎರಡು ಮೆಟ್ಟಿಲು ಕೆಳಗೆ. 2022ರ ಆಷಾಢದಲ್ಲಿ ಬೆಳಗಿನ ಜಾವ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದೆ. ಸೊಂಟದ ಎಲುಬು ಬಿರುಕು ಬಿಟ್ಟಿತ್ತು. ಕೂಗಿದೆ. ಮಳೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಫೋನು ಒಳಗಿತ್ತು, ಅದಕ್ಕೆ ಸಿಗ್ನಲ್ಲೂ ಇರಲಿಲ್ಲ.

ನನ್ನನ್ನು ಉಳಿಸಿದ್ದು ಈ ಡೈರಿ. ಏಳೂಕಾಲಕ್ಕೆ ಹಾಲು ಅಳೆದು ಮುಗಿಸಿ ಪುಸ್ತಕ ನೋಡಿದ ಕಾರ್ಯದರ್ಶಿಗಳು, ‘ಟೀಚರಮ್ಮನ ಹಾಲು ಬಂದಿಲ್ವಲ್ಲ, ನಿನ್ನೆ ಹಸುಗೇನೂ ಆಗಿರ್ಲಿಲ್ಲ’ ಎಂದು ಕ್ಯಾನು ತೊಳೆಯುವ ಹುಡುಗನನ್ನು ನಮ್ಮ ಮನೆಗೆ ಓಡಿಸಿದರು. ಆಮೇಲಿನದ್ದು ನಿಮಗೇ ಗೊತ್ತು. ನಿಮ್ಮಲ್ಲೇ ನಾಲ್ಕು ಜನ ನನ್ನನ್ನು ಮಂಚದ ಸಮೇತ ಜೀಪಿಗೆ ಏರಿಸಿ, ಹೊಳೆಬಾಗಿಲಿನಲ್ಲಿ ಲಾಂಚು ಹತ್ತಿಸಿ ಸಾಗರಕ್ಕೆ ಮುಟ್ಟಿಸಿದಿರಿ. ಹಗಲಾದ್ದರಿಂದ ಬದುಕಿದೆ. ರಾತ್ರಿಯಾಗಿದ್ದರೆ ಕೋಗಾರು, ಕಾರ್ಗಲ್ ಸುತ್ತಿ ಹೋಗಬೇಕಿತ್ತು.

ಆಸ್ಪತ್ರೆಯಲ್ಲಿ ಮಲಗಿದ್ದಾಗ ಯೋಚನೆ ಮಾಡಿದೆ. ಬೆಂಗಳೂರಿನಲ್ಲಿ ಆಸ್ಪತ್ರೆ ಹತ್ತಿರವಿತ್ತು, ಆದರೆ ಬಿದ್ದರೆ ಸಂಜೆವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಇಲ್ಲಿ ಎರಡು ಗಂಟೆಯೊಳಗೆ ತಿಳಿಯಿತು, ಆದರೆ ಆಸ್ಪತ್ರೆ ಹೊಳೆಯಾಚೆ ಇತ್ತು. ಎರಡೂ ಸಿಗುವ ಊರು ಯಾವುದು? ಅಂಥದ್ದು ಎಲ್ಲೂ ತಯಾರಾಗಿ ಸಿಗುವುದಿಲ್ಲ, ಇರುವ ಊರನ್ನೇ ಅಷ್ಟಷ್ಟಾಗಿ ಹಾಗೆ ಮಾಡಿಕೊಳ್ಳಬೇಕು ಎಂದು ನನಗೆ ತೋರಿತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಅರವತ್ತು ವರ್ಷದ ಮೇಲೆ ನಮಗೆ ದಾರಿ ಬಂತು. ಆ ದಿನ ಸೇತುವೆ ನೋಡಲು ಹೋದ ಮುದುಕರು ಕಣ್ಣೊರೆಸಿಕೊಂಡಿದ್ದು ಯಾಕೆಂದು ಹೊರಗಿನವರಿಗೆ ತಿಳಿಯದು. ಬಸುರಿಯರನ್ನೂ ಹಾವು ಕಚ್ಚಿದವರನ್ನೂ ದಡದಲ್ಲಿಟ್ಟುಕೊಂಡು ಲಾಂಚಿಗೆ ಕಾದವರಿಗೆ ತಿಳಿಯುತ್ತದೆ.

ಈಗ ನಾನು ಕಲಿತದ್ದನ್ನು ಪಾಠದಂತೆ ಹೇಳಿಬಿಡುತ್ತೇನೆ. ಹಳೇ ಚಾಳಿ, ಕ್ಷಮಿಸಬೇಕು.

ಒಂದನೆಯದು, ಒಳ್ಳೆಯ ಕಾಲದಲ್ಲಿ ನೋಡಿ ಊರು ಆರಿಸಬೇಡಿ. ಪೇಟೆಯಿಂದ ನಿವೃತ್ತರಾದವರು ಡಿಸೆಂಬರಿನಲ್ಲಿ ನಮ್ಮ ಕಡೆ ಬರುತ್ತಾರೆ. ಹಸಿರು ಗುಡ್ಡ, ತುಂಬಿದ ಹಿನ್ನೀರು, ತಣ್ಣನೆ ಗಾಳಿ ನೋಡಿ ಜಾಗ ಕೊಳ್ಳುತ್ತಾರೆ. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲು ಕಾಣದು, ಕರೆಂಟು ಇರದು, ಇಂಬಳ ಕಾಲು ಬಿಡದು, ಬಟ್ಟೆ ಒಣಗದು. ಎರಡನೇ ಮಳೆಗಾಲಕ್ಕೆ ಮನೆ ಮಾರಾಟಕ್ಕಿದೆ ಎಂದು ಬೋರ್ಡು ಬೀಳುತ್ತದೆ. ನಮ್ಮ ಜಿಲ್ಲೆಯ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಬೇಸಿಗೆಯಲ್ಲಿ ಇವತ್ತಿಗೂ ಬರುತ್ತದೆ. ಉಣುಗು ಕಚ್ಚದಂತೆ ಎಚ್ಚರವಾಗಿರಬೇಕು ಎಂಬುದೂ ಅವರಿಗೆ ಗೊತ್ತಿರುವುದಿಲ್ಲ. ಹೋಗಿ ನೆಲೆಸಬೇಕೆನ್ನುವ ಊರಿನ ಅತಿ ಕೆಟ್ಟ ಎರಡು ತಿಂಗಳು ಅಲ್ಲಿ ಬಾಡಿಗೆಗೆ ಇದ್ದು ನೋಡಿ. ಇದು ಮಗನ ಮನೆಗೆ ಹೋಗುವವರಿಗೂ ಅನ್ವಯಿಸುತ್ತದೆ. ಹಬ್ಬಕ್ಕೆ ಹೋದಾಗ ನೋಡಿದ್ದು ಸಾಲದು; ಅವರ ಆಫೀಸಿನ ದಿನಗಳಲ್ಲಿ ಇದ್ದು ನೋಡಿ.

ಎರಡನೆಯದು ಔಷಧೋಪಚಾರ. ನಿಮ್ಮ ಕಾಯಿಲೆ ಯಾವುದೋ ಅದಕ್ಕೆ ತಕ್ಕ ಊರು. ನಮ್ಮೂರಿನ ಒಬ್ಬ ದಂಪತಿ ತೋಟ ಗೇಣಿಗೆ ಕೊಟ್ಟು ಶಿವಮೊಗ್ಗದಲ್ಲಿ ಮನೆ ಮಾಡಿದರು. ಅವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ‘ಊರು ಬಿಟ್ರು’ ಎಂದು ನಾವು ಆಡಿಕೊಂಡೆವು. ಅದು ನಮ್ಮ ತಪ್ಪು, ಅವರು ಮಾಡಿದ್ದೇ ಸರಿ. ಇನ್ನು ಖರ್ಚಿನ ವಿಷಯ. ಸಹಕಾರ ಸಂಘದ ಸದಸ್ಯರಿಗೆಂದೇ 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಆರಂಭವಾಯಿತು. ಅದಕ್ಕೆ ಅವಧಿಯೊಳಗೆ ಹೆಸರು ನೋಂದಾಯಿಸಬೇಕು. ಆಸ್ಪತ್ರೆ ಬಾಗಿಲಲ್ಲಿ ನಿಂತು ನೆನಪು ಮಾಡಿಕೊಂಡರೆ ಪ್ರಯೋಜನವಿಲ್ಲ.

ಮೂರನೆಯದು ಮನೆ. ಆಸ್ಪತ್ರೆಯಿಂದ ಬಂದ ಮೇಲೆ ನಾನು ಮಾಡಿಸಿದ್ದು ಇಷ್ಟೇ: ಬಚ್ಚಲನ್ನು ಮನೆಯ ಮಟ್ಟಕ್ಕೆ ಎತ್ತರಿಸಿದೆ, ನೆಲಕ್ಕೆ ಒರಟು ಕಲ್ಲು ಹಾಸಿಸಿದೆ, ಗೋಡೆಗೆ ಕೈಹಿಡಿಕೆ ಹೊಡೆಸಿದೆ, ಕೊಟ್ಟಿಗೆಯ ದಾರಿಗೆ ದೀಪ ಹಾಕಿಸಿದೆ. ಮಗಳ ಮದುವೆಗೆ ಚಪ್ಪರಕ್ಕೆ ಮಾಡಿದಷ್ಟು ಖರ್ಚೂ ಆಗಲಿಲ್ಲ. ಬೀಳುವ ಮೊದಲೇ ಮಾಡಿಸಬಹುದಿತ್ತು. ನೀವು ಮೊದಲೇ ಮಾಡಿಸಿ.

ನಾಲ್ಕನೆಯದು ಆಸ್ತಿ. ಇದನ್ನು ಸಭೆಯಲ್ಲಿ ಹೇಳಲು ಸಂಕೋಚ, ಆದರೂ ಹೇಳಬೇಕು. ‘ಹೇಗೂ ಅವರದ್ದೇ’ ಎಂದು ಮನೆ, ತೋಟ ಎಲ್ಲವನ್ನೂ ಮಕ್ಕಳ ಹೆಸರಿಗೆ ದಾನಪತ್ರ ಮಾಡಿ ಕೈ ಬರಿದು ಮಾಡಿಕೊಂಡವರಿಗೆ ಆಮೇಲೆ ಎಲ್ಲಿರಬೇಕೆಂದು ತೀರ್ಮಾನಿಸುವ ಹಕ್ಕೂ ಉಳಿಯುವುದಿಲ್ಲ. 2007ರಲ್ಲಿ ಬಂದ ಹಿರಿಯ ನಾಗರಿಕರ ಪೋಷಣೆ ಮತ್ತು ಕ್ಷೇಮಾಭಿವೃದ್ಧಿ ಕಾಯ್ದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ಮುಂದೆ ಹಾಕಬಹುದು. ಆದರೆ ಆ ಷರತ್ತು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿರಲಿ. ಬರೆಸುವುದೆಂದರೆ ಮಕ್ಕಳ ಮೇಲೆ ಅಪನಂಬಿಕೆ ಅಲ್ಲ. ಡೈರಿಯಲ್ಲಿ ನಾವು ಒಬ್ಬರನ್ನೊಬ್ಬರು ನಂಬುತ್ತೇವೆ. ಆದರೂ ಫ್ಯಾಟು, ಡಿಗ್ರಿ ನೋಡಿ ಪುಸ್ತಕದಲ್ಲಿ ಬರೆಯುತ್ತೇವಲ್ಲವೇ? ಲೆಕ್ಕ ಇದ್ದಲ್ಲಿ ಜಗಳ ಇರುವುದಿಲ್ಲ.

ಕಡೆಯದ್ದು, ಎಲ್ಲಿದ್ದರೂ ನಿಮಗೊಂದು ಕೆಲಸ ಇರಲಿ. ಈ ವಯಸ್ಸಿಗೆ ಹಸು ಯಾಕೆ ಎಂದು ಮಗ ಕೇಳುತ್ತಾನೆ. ಹಾಲಿನ ದುಡ್ಡಿಗಾಗಿ ಅಲ್ಲ ಮಾರಾಯಾ. ಹಸು ಇದ್ದರೆ ಐದಕ್ಕೆ ಏಳಲೇಬೇಕು, ಎದ್ದರೆ ಡೈರಿಗೆ ಬರಲೇಬೇಕು, ಬಂದರೆ ಹತ್ತು ಜನ ‘ಏನ್ ಟೀಚರಮ್ಮ, ಕಾಲು ಹೆಂಗಿದೆ?’ ಎನ್ನುತ್ತಾರೆ. ಪಾಸ್‌ಬುಕ್ಕಿಗೆ ಹತ್ತದ ಜಮೆ ಇದು.

1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಸಹಕಾರ ಸಂಘ ಕಟ್ಟಿದರು. ಸಾಲಕ್ಕಾಗಿ ಸಾಹುಕಾರನ ಬಾಗಿಲಿಗೆ ಒಬ್ಬೊಬ್ಬರೇ ಹೋಗುವ ಬದಲು ಎಲ್ಲರೂ ಸೇರಿ ಒಂದಾಗಲಿ ಎಂಬುದು ಅದರ ತಿರುಳು. ಈಗ ನಮ್ಮೂರಿನ ದೊಡ್ಡ ಕಷ್ಟ ಸಾಲ ಒಂದೇ ಅಲ್ಲ. ಮಕ್ಕಳೆಲ್ಲ ಪೇಟೆ ಸೇರಿದ್ದಾರೆ, ಸಂಜೆ ದೀಪ ಹಚ್ಚಲು ಒಬ್ಬರೇ ಉಳಿದ ಮನೆಗಳು ಹೆಚ್ಚುತ್ತಿವೆ. ಈ ಕಷ್ಟವನ್ನೂ ಒಬ್ಬೊಬ್ಬರೇ ಹೊರುವುದು ಬೇಡ.

ಅದಕ್ಕೇ ಬೆಳ್ಳಿಹಬ್ಬದ ನೆನಪಿಗೆ ಸಂಘದ ಮುಂದೆ ನನ್ನದೊಂದು ಕೋರಿಕೆ ಇದೆ. ಕಮಾನು ಬೇಡ, ನನಗೆ ಶಾಲು ಹಾರ ಬೇಡ. ಹಾಲಿನ ಪುಸ್ತಕದ ಪಕ್ಕ ಇನ್ನೊಂದು ಪುಸ್ತಕ ಇಡಿ. ಊರಲ್ಲಿ ಒಂಟಿಯಾಗಿರುವ ಹಿರಿಯರ ಹೆಸರು, ಅವರ ಕಾಯಿಲೆ, ಕುಡಿಯುವ ಮಾತ್ರೆ, ಮಕ್ಕಳ ಫೋನ್ ನಂಬರು ಅದರಲ್ಲಿರಲಿ. ಬೆಳಿಗ್ಗೆ ಏಳೂವರೆಯೊಳಗೆ ಅವರ ಹಾಲು ಬರದಿದ್ದರೆ ಒಬ್ಬರು ಹೋಗಿ ಬಾಗಿಲು ತಟ್ಟಲಿ. ಹಸು ಇಲ್ಲದ ಹಿರಿಯರ ಮನೆಗೆ, ಡೈರಿಗೆ ಬರುವ ದಾರಿಯಲ್ಲಿ ಪಕ್ಕದ ಮನೆಯವರು ಒಂದು ಕೂಗು ಹಾಕಿ ಬರಲಿ. ನನ್ನ ವಿಷಯದಲ್ಲಿ ಆಕಸ್ಮಿಕವಾಗಿ ಆದದ್ದು ಎಲ್ಲರಿಗೂ ನಿಯಮವಾಗಿ ಆಗಲಿ. ಇದಕ್ಕೆ ಸರ್ಕಾರದ ಅನುದಾನ ಬೇಡ, ಒಂದು ನೋಟ್‌ಬುಕ್ ಸಾಕು. ಮೊದಲ ನೋಟ್‌ಬುಕ್ ನಾನೇ ತಂದಿದ್ದೇನೆ, ಮೇಜಿನ ಮೇಲಿಟ್ಟಿದ್ದೇನೆ.

ಇನ್ನು ನನ್ನ ವಿಷಯ. ಕ್ಯಾನು ಹಿಡಿದು ಡೈರಿಗೆ ನಡೆದು ಬರಲು ಆಗುವ ತನಕ ಇಲ್ಲೇ ಇರುತ್ತೇನೆ. ಆಗದಿದ್ದ ದಿನ ಹಟ ಮಾಡದೆ ಮಗನ ಮನೆಗೆ ಹೋಗುತ್ತೇನೆ ಎಂದು ಅವನಿಗೆ ಮಾತು ಕೊಟ್ಟಿದ್ದೇನೆ. ಅಜ್ಜನ ಹಾಗೆ ಪಡುವಣಕ್ಕೆ ಮುಖ ಮಾಡಿ ಕೂರುವುದಿಲ್ಲ, ಅಮ್ಮನ ಹಾಗೆ ಪಕ್ಕದ ಮನೆಗೆ ಹೋಗಿ ಹೆಪ್ಪಿಗೆ ಮಜ್ಜಿಗೆ ಕೇಳುತ್ತೇನೆ. ಏಳನೇ ಮಹಡಿಯಲ್ಲೂ ಯಾರಾದರೂ ಬಾಗಿಲು ತೆಗೆದಾರು.

ಸಂಘ ಇನ್ನೂ ಬೆಳೆಯಲಿ, ಚಿನ್ನದ ಹಬ್ಬವನ್ನು ನಮ್ಮ ಮೊಮ್ಮಕ್ಕಳು ಇಲ್ಲೇ ನಿಂತು ಆಚರಿಸಲಿ ಎಂದು ಹಾರೈಸುತ್ತೇನೆ.