ಅನುವಾದದ ಕಿಟಕಿಯಿಂದ ಕಂಡ ಎರಡು ಸಮಾಜಗಳು: ಥಾಯ್ಲೆಂಡ್ ಮತ್ತು ಜರ್ಮನಿ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಥಾಯ್ ಭಾಷೆ ಬರುವುದಿಲ್ಲ, ಜರ್ಮನ್ ಕೂಡ ಬರುವುದಿಲ್ಲ. ಆ ದೇಶಗಳನ್ನು ನೋಡಿದವನೂ ಅಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು ನಾನು. ಇಂಗ್ಲಿಷ್ ಅನುವಾದದಲ್ಲಿ ಓದಿದ ಎರಡು ಕಾದಂಬರಿಗಳೇ ಇಂದಿನ ನನ್ನ ಬಂಡವಾಳ. ಎರಡು ಪುಸ್ತಕ ಓದಿ ಎರಡು ದೇಶಗಳ ಬಗ್ಗೆ ಮಾತನಾಡುವುದೆಂದರೆ ಒಂದು ಅಗುಳು ಹಿಸುಕಿ ಅನ್ನ ಬೆಂದಿದೆಯೇ ಎಂದು ನೋಡಿದ ಹಾಗೆ. ಅಗುಳು ಸುಳ್ಳು ಹೇಳುವುದಿಲ್ಲ. ಆದರೆ ತಳದಲ್ಲಿ ಸೀದಿದ್ದರೆ ಅದರಿಂದ ಗೊತ್ತಾಗುವುದಿಲ್ಲ. ಈ ಎಚ್ಚರಿಕೆ ಇಟ್ಟುಕೊಂಡೇ ಕೇಳಿ.

ಮೊದಲನೆಯದು ಥಾಯ್ ಲೇಖಕ ಚಾತ್ ಕೊಬ್‌ಚಿತ್ತಿ 1981ರಲ್ಲಿ ಪ್ರಕಟಿಸಿದ 'ತೀರ್ಪು' ಎಂಬ ಹೆಸರಿನ ಕಾದಂಬರಿ. ಮರುವರ್ಷ ಅದಕ್ಕೆ ಆಗ್ನೇಯ ಏಷ್ಯಾದ ಲೇಖಕರಿಗೆ ಕೊಡುವ 'ಸೀ ರೈಟ್' ಪ್ರಶಸ್ತಿ ಬಂತು. ಕಥಾನಾಯಕ ಫಾಕ್ ಒಂದು ಹಳ್ಳಿ ಶಾಲೆಯ ಜವಾನ. ಹುಡುಗನಾಗಿದ್ದಾಗ ಬೌದ್ಧ ಮಠದಲ್ಲಿ ಸಾಮಣೇರನಾಗಿದ್ದು, ಓದಿನಲ್ಲಿ ಚುರುಕೆಂದು ಊರೆಲ್ಲಾ ಹೊಗಳಿತ್ತು. ಮುದಿ ತಂದೆಗೆ ಆಸರೆಯಾಗಲೆಂದು ಮಠ ಬಿಟ್ಟು ಬಂದ. ತಂದೆ ಬುದ್ಧಿ ಸ್ವಾಧೀನವಿಲ್ಲದ ಸೊಮ್‌ಸೊಂಗ್ ಎಂಬ ಹೆಂಗಸನ್ನು ಮನೆಗೆ ತಂದುಕೊಂಡು, ಸ್ವಲ್ಪ ಕಾಲದಲ್ಲೇ ತೀರಿಹೋದ. ಆಕೆಯನ್ನು ಬೀದಿಗೆ ತಳ್ಳಲು ಫಾಕ್‌ಗೆ ಮನಸ್ಸಾಗಲಿಲ್ಲ. ಅಷ್ಟೇ ಅವನ ಅಪರಾಧ. ಸತ್ತ ತಂದೆಯ ಹೆಂಡತಿಯೊಡನೆ ಸಂಸಾರ ಮಾಡುತ್ತಿದ್ದಾನೆಂದು ಊರು ತೀರ್ಮಾನಿಸಿತು. ಯಾರೂ ಅವನನ್ನು ಕೂರಿಸಿ ಒಂದು ಮಾತು ಕೇಳಲಿಲ್ಲ.

ಅವನೊಡನೆ ಮನುಷ್ಯನಂತೆ ನಡೆದುಕೊಂಡವನು ಹೆಣ ಸುಡುವ ಖಾಯ್ ಮಾಮ ಒಬ್ಬನೇ. ಅವನೂ ಊರಿಗೆ ಬೇಡವಾದವನು. ಫಾಕ್ ಕುಡಿತಕ್ಕೆ ಬಿದ್ದ. ಕಷ್ಟಪಟ್ಟು ಉಳಿಸಿದ ಸಂಬಳದ ಹಣವನ್ನು ನಂಬಿಕೆಯಿಂದ ಹೆಡ್‌ಮಾಸ್ಟರರ ಕೈಯಲ್ಲಿ ಇಟ್ಟಿದ್ದ. ಕೇಳಲು ಹೋದಾಗ ಅವರು "ಯಾವ ಹಣ?" ಎಂದರು. ಕುಡುಕನ ಮಾತನ್ನು ಯಾರು ನಂಬುತ್ತಾರೆ? ರಸೀದಿ ಇಲ್ಲ, ಸಾಕ್ಷಿ ಇಲ್ಲ. ಥಾಯ್ ಭಾಷೆಯಲ್ಲಿ ಹೆಡ್‌ಮಾಸ್ಟರರಿಗೆ 'ಖ್ರು ಯಾಯ್' ಎನ್ನುತ್ತಾರೆ. 'ಖ್ರು' ಎಂದರೆ ನಮ್ಮ 'ಗುರು' ಪದವೇ, 'ಯಾಯ್' ಎಂದರೆ ದೊಡ್ಡದು. ದೊಡ್ಡ ಗುರುವೇ ನುಂಗಿದ ಹಣ ಅದು. ಶಿಕ್ಷಕನಾಗಿ ಆ ಪುಟಗಳನ್ನು ಓದುವಾಗ ನನಗೆ ತಲೆ ಎತ್ತಲಾಗಲಿಲ್ಲ.

ಎರಡನೆಯದು ಹೈನ್ರಿಷ್ ಬೋಲ್ 1974ರಲ್ಲಿ ಬರೆದ 'ಕಟರೀನಾ ಬ್ಲೂಮ್ ಕಳೆದುಕೊಂಡ ಮಾನ'. ಬೋಲ್‌ರಿಗೆ 1972ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತ್ತು. ಅದೇ ವರ್ಷ, ಸಾಬೀತಾಗುವ ಮೊದಲೇ ಒಂದು ದರೋಡೆಯನ್ನು ಉಗ್ರರ ತಲೆಗೆ ಕಟ್ಟಿದ 'ಬಿಲ್ಡ್' ಪತ್ರಿಕೆಯನ್ನು ಟೀಕಿಸಿ ಬರೆದದ್ದಕ್ಕೆ ಅವರು ಬೈಗುಳ ತಿಂದರು. ಅವರ ಮನೆಗೆ ಪೊಲೀಸ್ ಶೋಧವೂ ಬಂತು. ಕಾದಂಬರಿ ಹುಟ್ಟಿದ ಹಿನ್ನೆಲೆ ಇದು. ಕಟರೀನಾ ಇಪ್ಪತ್ತೇಳರ ಮನೆಗೆಲಸದಾಕೆ. ಲೆಕ್ಕಪತ್ರ ಚೊಕ್ಕವಾಗಿಟ್ಟು, ದುಡಿದ ದುಡ್ಡಿನಲ್ಲಿ ಸಣ್ಣ ಫ್ಲ್ಯಾಟ್ ಮಾಡಿಕೊಂಡವಳು. ಒಂದು ಕುಣಿತದ ಪಾರ್ಟಿಯಲ್ಲಿ ಪರಿಚಯವಾಗಿ ಅವಳ ಮನೆಗೆ ಬಂದವನು ಪೊಲೀಸರು ಹುಡುಕುತ್ತಿದ್ದ ಮನುಷ್ಯ. ಬೆಳಗಾಗುವಷ್ಟರಲ್ಲಿ ಅವನು ಪರಾರಿ. ಅಲ್ಲಿಂದ ನಾಲ್ಕೇ ದಿನಗಳಲ್ಲಿ ಒಂದು ಪತ್ರಿಕೆ ಅವಳನ್ನು ಬೀದಿಗೆ ಎಳೆಯಿತು. ಕ್ಯಾನ್ಸರ್ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದ ತಾಯಿಯ ಬಳಿಗೂ ವರದಿಗಾರ ವೇಷ ಹಾಕಿ ನುಗ್ಗಿದ. ತಾಯಿ ನೊಂದು ಆಡಿದ ಮಾತನ್ನು ತಿರುಚಿ, ಮಗಳನ್ನು ದೂರಿದಂತೆ ಅಚ್ಚು ಮಾಡಿಸಿದ. ತಾಯಿ ಸತ್ತಳು. ಭಾನುವಾರ ಕಟರೀನಾ ಅವನನ್ನು ಗುಂಡಿಟ್ಟು ಕೊಂದು ತಾನೇ ಪೊಲೀಸರ ಮುಂದೆ ನಿಂತಳು. ಕೊಂದದ್ದು ಸರಿಯೆಂದು ಬೋಲ್ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಈಗ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಒಬ್ಬ ಜವಾನ, ಒಬ್ಬಳು ಮನೆಗೆಲಸದಾಕೆ. ಮಾನ ಕಳೆದುಕೊಂಡವರು ಎರಡು ಕಡೆಯೂ ಕೈಕೆಳಗಿನವರೇ. ಆದರೆ ಥಾಯ್ ಹಳ್ಳಿಯಲ್ಲಿ ಯಾವುದೂ ಕಾಗದದ ಮೇಲಿಲ್ಲ. ಮಾತು ಬಾಯಿಂದ ಬಾಯಿಗೆ ಹೋಗುತ್ತದೆ. ಆಡಿದವರು ಯಾರೆಂದು ಹಿಡಿಯಲು ಆಗುವುದಿಲ್ಲ, ಹಿಡಿದರೂ ದೊಡ್ಡವರ ಎದುರು ಚಿಕ್ಕವನು ದನಿ ಎತ್ತುವಂತಿಲ್ಲ. ಜರ್ಮನ್ ನಗರದಲ್ಲಿ ಎಲ್ಲವೂ ಕಾಗದದ ಮೇಲಿದೆ: ಹೇಳಿಕೆ, ಸಹಿ, ಮನೆಯ ಲೆಕ್ಕ. ಕಾರು ಎಷ್ಟು ಕಿಲೋಮೀಟರ್ ಓಡಿದೆ ಎಂದೂ ಪೊಲೀಸರು ಲೆಕ್ಕ ಹಾಕುತ್ತಾರೆ. ಲೆಕ್ಕಕ್ಕಿಂತ ಹೆಚ್ಚು ಓಡಿದೆ, ಎಲ್ಲಿಗೆ ಹೋಗುತ್ತಿದ್ದೆ ಎಂದು ಕೇಳುತ್ತಾರೆ. ಮಳೆ ಬರುವಾಗ ಎಲ್ಲಿಗೂ ಅಲ್ಲದೆ ಸುಮ್ಮನೆ ಓಡಿಸುತ್ತಿದ್ದೆ ಎನ್ನುತ್ತಾಳೆ. ಒಂಟಿತನವನ್ನೂ ಸಾಕ್ಷ್ಯವಾಗಿ ಬರೆದುಕೊಳ್ಳುವ ಸಮಾಜ ಅದು. ಫಾಕ್‌ನ ಊರಿನಲ್ಲಿ ಒಂಟಿಯಾಗಿರಲು ಜಾಗವೇ ಇರಲಿಲ್ಲ.

ಹಾಗಾದರೆ ಬರಹ ಇರುವ ಸಮಾಜ ಮೇಲೋ? ನಾನು ಹೌದು ಎನ್ನುತ್ತೇನೆ, ಅರ್ಧ ಮನಸ್ಸಿನಿಂದ. ಕಟರೀನಾ ತನ್ನ ಹೇಳಿಕೆಯಲ್ಲಿ ಒಂದು ಪದಕ್ಕಾಗಿ ಜಗಳವಾಡುತ್ತಾಳೆ. ಗಂಡಸರು ತನ್ನೊಡನೆ ಅಕ್ಕರೆಯಿಂದ ನಡೆದುಕೊಂಡರು ಎಂಬರ್ಥದ ಪದವನ್ನು ಪೊಲೀಸರು ಬರೆದಿದ್ದರು. ಅಕ್ಕರೆ ಇಬ್ಬರ ಕಡೆಯಿಂದ ಇರಬೇಕು, ಇದು ಒಬ್ಬರ ಕಡೆಯದು, ಆ ಪದ ಬದಲಿಸದೆ ಸಹಿ ಹಾಕುವುದಿಲ್ಲ ಎಂದು ಪಟ್ಟು ಹಿಡಿಯುತ್ತಾಳೆ. ಕನ್ನಡದಲ್ಲಿ 'ಮೈಮೇಲೆ ಬೀಳುವುದು' ಎನ್ನಬಹುದು, ಉರ್ದುವಿನಲ್ಲಿ 'ದಸ್ತ್‌ದರಾಜೀ' ಎಂಬ ಪದ ಇನ್ನೂ ಹತ್ತಿರ. ಭಾಷಾ ಶಿಕ್ಷಕರು ವ್ಯಾಕರಣದ ಪಾಠ ಬಿಟ್ಟು ಈ ದೃಶ್ಯ ಹೇಳಿದರೂ ಸಾಕು, ಸರಿಯಾದ ಪದ ಏಕೆ ಬೇಕೆಂದು ಮಕ್ಕಳಿಗೆ ತಿಳಿಯುತ್ತದೆ. ಫಾಕ್‌ಗೆ ಸಹಿ ಹಾಕಲು ಒಂದು ಕಾಗದವೂ ಇರಲಿಲ್ಲ, ಹಾಕುವುದಿಲ್ಲ ಎನ್ನುವ ಅವಕಾಶವೂ ಇರಲಿಲ್ಲ. ಆದರೆ ಕಟರೀನಾಳ ಗೆದ್ದ ಪದ ಉಳಿದದ್ದು ಪೊಲೀಸ್ ಕಡತದಲ್ಲಿ. ಊರು ಓದಿದ್ದು ಪತ್ರಿಕೆಯನ್ನು.

ಒಂದು ಸ್ವಂತ ಮಾತು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ವಿಧವೆಯಾದ ಒಬ್ಬ ಆಯಮ್ಮ ಇದ್ದರು. ಅವರ ಮನೆಗೆ ಯಾರೋ ಬಂದು ಹೋಗುತ್ತಾರೆಂದು ಸ್ಟಾಫ್ ರೂಮಿನಲ್ಲಿ ಚಹಾದ ಹೊತ್ತಿಗೆ ಮಾತು ಬಂತು. ಗೀಬತ್ ಬಗ್ಗೆ ಜುಮಾ ಬಯಾನುಗಳಲ್ಲಿ ಎಷ್ಟೋ ಸಲ ಕೇಳಿದ್ದ ನಾನೂ ನಕ್ಕೆ. ಎರಡು ತಿಂಗಳಲ್ಲಿ ಅವರು ಕೆಲಸ ಬಿಟ್ಟರು. ಬಂದು ಹೋಗುತ್ತಿದ್ದವನು ಅವರ ತಮ್ಮನೆಂದು ಆಮೇಲೆ ತಿಳಿಯಿತು. ಅವರ ಬಾಕಿ ಸಂಬಳ ಸಿಕ್ಕಿತೋ ಇಲ್ಲವೋ ಎಂದು ಅಂದು ನಾನು ವಿಚಾರಿಸಲಿಲ್ಲ. ಫಾಕ್‌ನ ಕಥೆ ಓದಿದ್ದು ಇದಾದ ನಂತರ.

ಎರಡೂ ಪುಸ್ತಕಗಳ ನನ್ನ ಪ್ರತಿಗಳನ್ನು ಸಂಘದ ವಾಚನಾಲಯಕ್ಕೆ ಕೊಟ್ಟಿದ್ದೇನೆ. ಜರ್ಮನ್ ಕಾದಂಬರಿ ತೆಳ್ಳಗಿದೆ, ಪಿಯುಸಿ ವಿದ್ಯಾರ್ಥಿಗಳು ರಜೆಯಲ್ಲಿ ಮುಗಿಸಬಹುದು. ಥಾಯ್ ಕಾದಂಬರಿಯ ಹೆಡ್‌ಮಾಸ್ಟರರ ಅಧ್ಯಾಯವನ್ನು ಉರ್ದುವಿಗೆ ತರುವ ಪ್ರಯತ್ನದಲ್ಲಿ ನಾನಿದ್ದೇನೆ. ಕನ್ನಡಕ್ಕೆ ತರಲು ಆಸಕ್ತಿ ಇರುವವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಬಹುದು.