ನಿಂಬರ್ಗಾದ ನೆಲವೂ ಭೂಶಾಸ್ತ್ರದ ಸಂಶೋಧನೆಯೂ



ಆಳಂದ ಸೀಮೆಯ ನಿಂಬರ್ಗಾದಲ್ಲಿ ಭಾವಿ ತೋಡುವ ರೈತನು ಮೊದಲು ಎರೆಮಣ್ಣು, ಅದರಡಿ ಗರಸು, ಅದರಡಿ ಕರಿಕಲ್ಲು ದೊರೆಯುವುದನ್ನು ಬಲ್ಲನು. ಒಂದು ಭಾವಿಯಲ್ಲಿ ನೀರುಂಟು. ನೆರೆಹೊಲದ ಭಾವಿಯು ಬತ್ತಿರುವುದು. ಇದನ್ನು ಹಣೆಬರಹವೆಂದು ಬಿಟ್ಟುಬಿಡುವುದು ವಾಡಿಕೆ. ಆದರೆ ಇದಕ್ಕೆ ಕಾರಣವುಂಟು. ಸುಮಾರು 6 ಕೋಟಿ 60 ಲಕ್ಷ ವರುಷಗಳ ಹಿಂದೆ ಭೂಗರ್ಭದ ಶಿಲಾರಸವು ಬಿರುಕುಗಳಿಂದ ಹೊರಹರಿದು ದಖ್ಖನದ ಬಹುಭಾಗವನ್ನು ಪದರು ಪದರಾಗಿ ಹೊದಿಸಿತು. ಗಟ್ಟಿ ಪದರಿನಲ್ಲಿ ನೀರಿಗೆ ಎಡೆಯಿಲ್ಲ. ಶಿಥಿಲವಾದ ಭಾಗ, ಸೀಳು, ಪದರುಗಳ ನಡುವಣ ಸಂದು, ಇವೇ ಜಲದ ನೆಲೆಗಳು. ಮನೆಮನೆಗೂ ಹಾಸಿರುವ ಶಹಾಬಾದದ ಫರಸಿಯಾದರೋ ಈ ಕರಿಕಲ್ಲಿಗಿಂತ ಬಹು ಪುರಾತನವಾದ ಸುಣ್ಣಕಲ್ಲು. ಈ ಪ್ರಾಂತದ ಶಿಲೆಗಳನ್ನು ಬ್ರೂಸ್ ಫೂಟರು 1876ರ ತಮ್ಮ ಗ್ರಂಥದಲ್ಲಿ ವರ್ಣಿಸಿರುವರು. ಭೀಮಾತೀರದ ಶಿಲಾಶ್ರೇಣಿಯನ್ನು ಹೈದರಾಬಾದ ಸಂಸ್ಥಾನದ ಸಿ. ಮಹಾದೇವನ್ನರು ಶೋಧಿಸಿ 1947ರಲ್ಲಿ ಪ್ರಕಟಿಸಿದರು.

ಇಷ್ಟು ಬರೆದಾದ ಮೇಲೆ ಇನ್ನೇನು ಉಳಿದಿದೆ ಎನ್ನುವವರಿಗೆ ಕಿಲ್ಲಾರಿಯೇ ಉತ್ತರವು. ಆಳಂದದ ಗಡಿಯಾಚೆ, ಲಾತೂರ ಜಿಲ್ಲೆಯ ಆ ಊರಿನಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿಯು ನಡುಗಿತು. ಇಲ್ಲಿಯ ಹಳೆಯ ಮನೆಗಳಂಥವೇ ಆದ ಕಲ್ಲುಮಣ್ಣಿನ ಗೋಡೆಗಳು ಮಲಗಿದ್ದವರ ಮೇಲೆ ಕುಸಿದು ಸಾವಿರಾರು ಜನರು ಮಡಿದರು. ದಖ್ಖನದ ನೆಲವು ಅಚಲವೆಂದು ಪಂಡಿತರೂ ನಂಬಿದ್ದ ಕಾಲವದು! ತರುವಾಯ ಅಲ್ಲಿ 617 ಮೀಟರು ಆಳದ ಕೊಳವೆ ಕೊರೆದು ನೋಡಲು, ಕರಿಕಲ್ಲಿನ ಹೊದಿಕೆಯು 338 ಮೀಟರಿಗೆ ಮುಗಿದು, ಕೆಳಗೆ ಪುರಾತನ ಶಿಲೆಯು ಕಂಡಿತು. ಸಾವಿಗೆ ಮುಂಚೆ ಕೇಳಬೇಕಾಗಿದ್ದ ಪ್ರಶ್ನೆಯನ್ನು ಸಾವಿನ ಅನಂತರ ಕೇಳಿದಂತಾಯಿತು.

ಡಾಕ್ಟರೇಟ್ ಪದವಿಗೆ ಕಡಿಮೆಯೆಂದರೆ 3 ವರುಷ ಬೇಕು. ಅಷ್ಟರಲ್ಲಿ ಮುಗಿಸುವವರು ವಿರಳ. ಮಗನಾಗಲಿ ಮಗಳಾಗಲಿ ಸುತ್ತಿಗೆ ಹಿಡಿದು ಹಳ್ಳಕೊಳ್ಳ ಅಲೆಯುವುದನ್ನು ಕಂಡು ತಂದೆತಾಯಿಗಳು ಚಿಂತಿಸುವುದು ಸಹಜವೇ. ಉದ್ಯೋಗವನ್ನು ಬಿಟ್ಟೇ ಓದಬೇಕೆಂಬ ನಿಯಮವಿಲ್ಲ. ಬಿ. ಪಿ. ರಾಧಾಕೃಷ್ಣರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸೇವೆಯಲ್ಲಿದ್ದುಕೊಂಡೇ ರಾಮನಗರದ, ಅಂದಿನ ಕ್ಲೋಸ್‌ಪೇಟೆಯ, ಬೆಣಚುಕಲ್ಲನ್ನು ಕುರಿತು ಸಂಶೋಧಿಸಿ ಮೈಸೂರು ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘದ ಸ್ಥಾಪಕರಲ್ಲೊಬ್ಬರಾದರು, ಕನ್ನಡದಲ್ಲಿಯೂ ಬರೆದರು.

ಇಂಥ ಕೆಲಸಕ್ಕೆ ದೂರದ ಪರ್ವತವೇ ಬೇಕಿಲ್ಲ. ನಿಂಬರ್ಗಾದ ಪ್ರತಿಯೊಂದು ಭಾವಿಯಲ್ಲಿ ಯಾವ ಪದರು ಎಷ್ಟು ಆಳಕ್ಕೆ ಸಿಕ್ಕಿತು, ಮಳೆಗಾಲದ ಮುಂಚೆ ನೀರೆಷ್ಟು, ಬಳಿಕವೆಷ್ಟು ಎಂಬುದನ್ನು ನಾಲ್ಕಾರು ವರುಷ ಬರೆದಿಟ್ಟರೆ ಪ್ರಬಂಧದ ತಳಹದಿಯು ಸಿದ್ಧವಾದಂತೆಯೇ. ಭಾವಿ ತೋಡಿದ ಹಿರಿಯರು ಬದುಕಿರುವಾಗಲೇ ಅವರನ್ನು ಕೇಳಿ ಬರೆದುಕೊಳ್ಳತಕ್ಕದ್ದು.